ಡಿಸ್ಕೇ ಇಲ್ಲದೆ ಏಳುವ ಮ್ಯಾಕ್: ನಾಲ್ಕು ಕೀಗಳ ಗುಟ್ಟು

ಪ್ರಶ್ನೆ: ನಮ್ಮ ತಂದೆ ಮುಂಬೈಯ ಪರೇಲಿನಲ್ಲಿ ಒಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್ ನಡೆಸುತ್ತಿದ್ದರು. ಮದುವೆ ಕಾಗದ, ಹೋಟೆಲಿನ ಮೆನು ಕಾರ್ಡು, ಊರಿನ ಸಂಘದ ಸ್ಮರಣ ಸಂಚಿಕೆ, ಇಂಥದ್ದು. ಅವರು ತೀರಿಕೊಂಡು ವರ್ಷಗಳಾದವು. ಮೊನ್ನೆ ಡೊಂಬಿವಲಿಯ ಮನೆಯ ಅಟ್ಟ ಖಾಲಿ ಮಾಡುವಾಗ ಅವರ ಹಳೇ ಆಪಲ್ ಕಂಪ್ಯೂಟರ್, ಮ್ಯಾಕಿಂಟಾಶ್ ಕ್ಲಾಸಿಕ್, ಸಿಕ್ಕಿತು. ಆನ್ ಮಾಡಿದರೆ ಟಿಂಗ್ ಎನ್ನುತ್ತದೆ. ಆಮೇಲೆ ಫ್ಲಾಪಿಯ ಚಿತ್ರ, ಅದರೊಳಗೆ ಪ್ರಶ್ನೆ ಚಿಹ್ನೆ ಮಿನುಗುತ್ತಾ ಕೂರುತ್ತದೆ, ಅಷ್ಟೇ. ನನ್ನ ಬಳಿ ಫ್ಲಾಪಿಗಳು ಯಾವುವೂ ಇಲ್ಲ. ಆಫೀಸಿನ ಗೆಳೆಯರೊಬ್ಬರು, "ನಾಲ್ಕು ಕೀ ಒಟ್ಟಿಗೆ ಒತ್ತಿದರೆ ಅದು ಡಿಸ್ಕ್ ಇಲ್ಲದೇ ಶುರುವಾಗುತ್ತದೆ" ಎನ್ನುತ್ತಾರೆ. ನಿಜವೋ, ತಮಾಷೆಯೋ? ಬೇರೆ ಹಳೇ ಕಂಪ್ಯೂಟರುಗಳಲ್ಲೂ ಇಂಥ ಗುಟ್ಟುಗಳಿವೆಯಾ? ಇವನ್ನೆಲ್ಲ ಯಾಕೆ ಅಡಗಿಸಿಟ್ಟರು?

ಉತ್ತರ: ನಿಜ. ಕಮಾಂಡ್, ಆಪ್ಷನ್, ಎಕ್ಸ್, ಓ. ಈ ನಾಲ್ಕನ್ನೂ ಒತ್ತಿ ಹಿಡಿದು ಆನ್ ಮಾಡಿದರೆ ನಿಮ್ಮ ಕ್ಲಾಸಿಕ್ ಫ್ಲಾಪಿ, ಹಾರ್ಡ್ ಡಿಸ್ಕ್ ಎರಡನ್ನೂ ಕೇಳದೆ ಏಳಬೇಕು. ಆದರೆ ದಯವಿಟ್ಟು ಇದನ್ನು ಓದಿದ ಕೂಡಲೇ ಹೋಗಿ ಒತ್ತಬೇಡಿ. ಈಗಾಗಲೇ ಒಂದು ಸಲ ಆನ್ ಮಾಡಿ ನೋಡಿದ್ದೀರಿ. ಹೊಗೆ ಬರಲಿಲ್ಲವಲ್ಲ, ಅದು ನಿಮ್ಮ ಪುಣ್ಯ.

ಮೊದಲು ಪೆಟ್ಟಿಗೆಯ ಹಿಂದಿನ ಚೀಟಿ ಓದಿ. ಕ್ಲಾಸಿಕ್‌ನ ಪವರ್ ಸಪ್ಲೈ ಎಲ್ಲ ದೇಶಕ್ಕೂ ಒಂದೇ ಅಲ್ಲ. 120 ವೋಲ್ಟ್ ಎಂದು ಬರೆದಿದ್ದರೆ ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರ ಹಾಕುವ ಹಾಗಿಲ್ಲ, ನಡುವೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ನಿಮ್ಮದು ಟಿಂಗ್ ಎಂದಿದೆ ಅಂದರೆ ಬಹುಶಃ ನಮ್ಮ ವೋಲ್ಟೇಜಿನದ್ದೇ. ಆದರೂ ಓದಿ.

ಎರಡನೆಯದು ಒಳಗಿನ ಸೆಲ್. ಗಡಿಯಾರ ಮತ್ತು ಸೆಟ್ಟಿಂಗ್ ಉಳಿಸಿಕೊಳ್ಳಲು ಬೋರ್ಡಿನ ಮೇಲೆ ಹೆಬ್ಬೆರಳಿನ ಅರ್ಧದಷ್ಟಿರುವ 3.6 ವೋಲ್ಟಿನ ಲಿಥಿಯಂ ಸೆಲ್ ಇರುತ್ತದೆ. ಮೂವತ್ತು ವರ್ಷ ಅಟ್ಟದ ಮೇಲೆ ಮಲಗಿದ ಸೆಲ್ ಒಡೆದು ಸೋರಿದರೆ ತಾಮ್ರದ ಗೆರೆಗಳನ್ನೇ ತಿಂದು ಹಾಕುತ್ತದೆ. ನನ್ನ ಮೇಜಿಗೆ ಬಂದ ಕ್ಲಾಸಿಕ್‌ಗಳಲ್ಲಿ ಸತ್ತವು ಜಾಸ್ತಿ ಇದರಿಂದಲೇ ಸತ್ತಿವೆ. ಮೂರನೆಯದು ಕೆಪಾಸಿಟರು. ಬೋರ್ಡಿನ ಮೇಲೆ ಬೆಳ್ಳಿ ಬಣ್ಣದ ಪುಟ್ಟ ಡಬ್ಬಿಗಳ ಥರ ನಿಂತಿರುತ್ತವೆ. ಅವುಗಳ ಬುಡದಿಂದ ದ್ರವ ಒಸರುತ್ತದೆ, ಮುಂಬೈಯ ಉಪ್ಪುಗಾಳಿ ಜೊತೆ ಸೇರಿದರೆ ಕೇಳುವುದೇ ಬೇಡ. ಆಗ ಪರದೆಯ ಮೇಲೆ ಚದುರಂಗದ ಮಣೆ ಬರುತ್ತದೆ, ಇಲ್ಲವೇ ಸದ್ದೇ ಹೋಗುತ್ತದೆ. ನಿಮ್ಮದಕ್ಕೆ ಸದ್ದೂ ಇದೆ, ಚಿತ್ರವೂ ಇದೆ. ಅಂದರೆ ಬೋರ್ಡು ಇನ್ನೂ ಉಸಿರಾಡುತ್ತಿದೆ. ಹಾಳಾಗುವ ಮುಂಚೆ ಸೆಲ್ ತೆಗೆಸಿ, ಕೆಪಾಸಿಟರ್ ಬದಲಿಸಿ, ಬೋರ್ಡು ತೊಳೆಸಿ.

ಇದನ್ನು ನೀವೇ ಮಾಡಲು ಹೋಗಬೇಡಿ. ನಕ್ಷತ್ರದಂಥ ತಲೆಯ ನಾಲ್ಕು ಟಾರ್ಕ್ಸ್ ಸ್ಕ್ರೂಗಳಲ್ಲಿ ಎರಡು ಹಿಡಿಕೆಯ ಗುಂಡಿಯೊಳಗೆ ಆಳದಲ್ಲಿರುತ್ತವೆ, ಉದ್ದ ಕತ್ತಿನ ಟಿ15 ಸ್ಕ್ರೂಡ್ರೈವರ್ ಬೇಕು. ಅದು ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ ಬಿಡಿ. ತೊಂದರೆ ಇರುವುದು ಪಿಕ್ಚರ್ ಟ್ಯೂಬಿನದ್ದು. ವೈರು ಕಿತ್ತಿಟ್ಟ ಮೇಲೂ ಅದರಲ್ಲಿ ಸಾವಿರಾರು ವೋಲ್ಟು ಉಳಿದಿರಬಹುದು. ಹಳೇ ಟೀವಿ ರಿಪೇರಿ ಮಾಡಿ ಗೊತ್ತಿರುವವರ ಕೈಯಲ್ಲೇ ಬಿಚ್ಚಿಸಿ.

ಇಷ್ಟಾದ ಮೇಲೆ ಕೀಗಳ ವಿಷಯ. ಕಮಾಂಡ್ ಎಂದರೆ ಹೂವಿನ ಹಾಗೆ ನಾಲ್ಕು ಕುಣಿಕೆಯ ಗುರುತಿರುವ ಕೀ. ಆಪ್ಷನ್ ಅದರ ಪಕ್ಕದ್ದು. ಎಡಗೈಯಿಂದ ಕಮಾಂಡ್, ಆಪ್ಷನ್, ಎಕ್ಸ್ ಹಿಡಿಯಿರಿ, ಬಲಗೈಯಿಂದ ಓ. ಈಗ ಸ್ವಿಚ್ ಹಾಕುವವರು ಯಾರು? ಕ್ಲಾಸಿಕ್‌ನ ಸ್ವಿಚ್ಚು ಹಿಂದುಗಡೆ ಇದೆ! ಮನೆಯಲ್ಲಿ ಯಾರನ್ನಾದರೂ ಕರೆಯಿರಿ. ಯಾರೂ ಇಲ್ಲದಿದ್ದರೆ ಸ್ವಿಚ್ ಹಾಕಿ ತಕ್ಷಣ ಕೀಗಳ ಮೇಲೆ ಬೀಳಿ, ಅದೂ ನಡೆಯುತ್ತದೆ. ನಗುವ ಮ್ಯಾಕಿನ ಮುಖ ಬರುವ ತನಕ ಬಿಡಬೇಡಿ. ಸ್ವಲ್ಪ ಹೊತ್ತಿಗೆ ಡೆಸ್ಕ್‌ಟಾಪಿನ ಬಲಮೂಲೆಯಲ್ಲಿ 'ಬೂಟ್ ಡಿಸ್ಕ್' ಎಂಬ ಹೆಸರಿನ ಡಿಸ್ಕ್ ಕಾಣುತ್ತದೆ. ಅದು ಯಾವ ಡಿಸ್ಕೂ ಅಲ್ಲ. ಬೋರ್ಡಿನ ಮೇಲಿರುವ 512 ಕೆಬಿ ರೋಮ್ ಚಿಪ್ಪಿನಲ್ಲೇ, ಅಂದರೆ ಕಾರ್ಖಾನೆಯಲ್ಲೇ ಬರೆದಿಟ್ಟ, ಓದಲು ಮಾತ್ರ ಬರುವ ಚಿಪ್ಪಿನಲ್ಲೇ, ಆಪಲ್‌ನವರು ಮ್ಯಾಕನ್ನು ನಡೆಸುವ ಸಿಸ್ಟಂ 6.0.3 ತಂತ್ರಾಂಶವನ್ನು ತುಂಬಿಟ್ಟಿದ್ದಾರೆ. ಅಳಿಸಲು ಬರುವುದಿಲ್ಲ, ವೈರಸ್ಸು ಹತ್ತುವುದಿಲ್ಲ, ತುಕ್ಕೂ ಹಿಡಿಯುವುದಿಲ್ಲ.

ಕೀ ಒತ್ತಿದ್ದಕ್ಕೆ ಪ್ರತಿಕ್ರಿಯೆಯೇ ಇಲ್ಲದಿದ್ದರೆ ಮೊದಲು ಕೀಬೋರ್ಡಿನ ವೈರನ್ನು ಅನುಮಾನಿಸಿ. ಆ ಸುರುಳಿ ವೈರು ಒಳಗೇ ತುಂಡಾಗಿರುತ್ತದೆ. ಹಳೇ ಟೀವಿಗೆ ಹಾಕುತ್ತಿದ್ದ ಎಸ್-ವಿಡಿಯೋ ಕೇಬಲ್ಲಿನ ಪಿನ್ನೂ ಇದರ ಪಿನ್ನೂ ಒಂದೇ. ನಾನು ಎಷ್ಟೋ ಸಲ ಅದನ್ನೇ ಹಾಕಿ ನಡೆಸಿದ್ದೇನೆ. ಮಿಷನ್ ಚಾಲೂ ಇರುವಾಗ ಮಾತ್ರ ಆ ವೈರನ್ನು ಎಳೆಯುವುದು, ಚುಚ್ಚುವುದು ಮಾಡಬೇಡಿ, ಬೋರ್ಡು ಹೋಗುತ್ತದೆ. ಇನ್ನೊಂದು ಮಾತು: ಪೆಟ್ಟಿಗೆಯ ಮೇಲೆ 'ಕ್ಲಾಸಿಕ್ 2' ಎಂದಿದ್ದರೆ ಈ ಆಟ ನಡೆಯುವುದಿಲ್ಲ. ಅದರ ರೋಮ್‌ನಲ್ಲಿ ಈ ಡಿಸ್ಕ್ ಇಲ್ಲ.

ಈಗ 'ಯಾಕೆ' ಎಂಬ ನಿಮ್ಮ ಪ್ರಶ್ನೆ. ನನಗೆ ಇದೇ ಹೆಚ್ಚು ರುಚಿ.

ಜನ ಇವನ್ನೆಲ್ಲ ಗುಟ್ಟು, ರಹಸ್ಯ ಎಂದು ಕರೆಯುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಮಾಟುಂಗಾದ ಯಾವುದೇ ನಮ್ಮವರ ಹೋಟೆಲಿಗೆ ಹೋಗಿ, ಹಿಂದುಗಡೆ ಒಂದು ಬಾಗಿಲು ಇರುತ್ತದೆ. ತರಕಾರಿ ಗೋಣಿ, ಹಾಲಿನ ಕ್ಯಾನು, ಬೆಳಗಿನ ನಾಲ್ಕಕ್ಕೆ ಬರುವ ಅಡುಗೆಯವರು, ಎಲ್ಲ ಅದೇ ದಾರಿ. ಗಿರಾಕಿಯಿಂದ ಮುಚ್ಚಿಟ್ಟದ್ದಲ್ಲ ಅದು, ಗಿರಾಕಿಗೆ ಬೇಕಾಗಿಲ್ಲ ಅಷ್ಟೇ. ಕ್ಲಾಸಿಕ್‌ನ ಈ ನಾಲ್ಕು ಕೀಗಳೂ ಹಿಂಬಾಗಿಲೇ. ಕ್ಲಾಸಿಕ್ ಬಂದದ್ದು 1990ರ ಅಕ್ಟೋಬರಿನಲ್ಲಿ, ಬೆಲೆ 999 ಡಾಲರ್. ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ಬಂದ ಮೊದಲ ಮ್ಯಾಕ್ ಅದು. ಶಾಲೆಗಳಿಗೆ ಮಾರಬೇಕೆಂಬ ಆಸೆ ಇತ್ತು. ಆ ರೋಮ್ ಡಿಸ್ಕಿನೊಳಗೆ ಆಪಲ್‌ಶೇರ್ ಕೂಡ ಇದೆ, ಅಂದರೆ ನೆಟ್‌ವರ್ಕಿನಲ್ಲಿರುವ ಇನ್ನೊಂದು ಮಿಷನ್ನಿನ ಫೈಲು ತೆರೆಯುವ ಸಾಧನ. ಹಾರ್ಡ್ ಡಿಸ್ಕೇ ಇಲ್ಲದ ಮೂವತ್ತು ಮಿಷನ್ನು ಒಂದು ತರಗತಿಯಲ್ಲಿಟ್ಟು, ಫೈಲೆಲ್ಲ ಒಂದೇ ಸರ್ವರಿನಲ್ಲಿ ಇಡುವ ಯೋಚನೆ ಇದ್ದಿರಬೇಕು ಎನ್ನುವುದು ನನ್ನ ಲೆಕ್ಕಾಚಾರ. ಯೋಚನೆ ಬಿದ್ದುಹೋಯಿತು, ಬಾಗಿಲು ಉಳಿಯಿತು.

ಹಿಂಬಾಗಿಲಿಗೂ ಗೋಡೆಯ ಮೇಲೆ ಗೀಚಿದ ಹೆಸರಿಗೂ ವ್ಯತ್ಯಾಸವಿದೆ. ಎರಡನೇ ಜಾತಿಯದು ಬೇಕೆಂದರೆ ಕ್ಲಾಸಿಕ್‌ನ ಅಣ್ಣ, 1987ರ ಮ್ಯಾಕಿಂಟಾಶ್ ಎಸ್‌ಇ ನೋಡಿ. ಅದರ ಪಕ್ಕದಲ್ಲಿ ಪ್ರೋಗ್ರಾಮರುಗಳಿಗೆಂದು ಒಂದು ಗುಂಡಿ ಹಾಕಿಕೊಳ್ಳಬಹುದಿತ್ತು. ಅದನ್ನು ಒತ್ತಿ, ಬರುವ ಖಾಲಿ ಚೌಕದಲ್ಲಿ 'ಜಿ 41ಡಿ89ಎ' ಎಂದು ಬರೆದರೆ ಅದನ್ನು ಕಟ್ಟಿದ ಎಂಜಿನಿಯರುಗಳ ಕಪ್ಪು ಬಿಳುಪು ಫೋಟೋಗಳು ಒಂದಾದ ಮೇಲೊಂದು ಬರುತ್ತವೆ. ನಾಲ್ಕು ಫೋಟೋ. ಹಳಬರಲ್ಲಿ ಕೆಲವರಿಗೆ ಇದು ಗೊತ್ತಿತ್ತು, ಆಮೇಲೆ ಎಲ್ಲರೂ ಮರೆತಂತಾಗಿತ್ತು. 2012ರಲ್ಲಿ ನ್ಯೂಯಾರ್ಕಿನ ಹವ್ಯಾಸಿಗಳ ಗುಂಪೊಂದು ಬೀದಿ ಬದಿಯಲ್ಲಿ ಬಿದ್ದಿದ್ದ ಎಸ್‌ಇಯ ರೋಮ್ ಬಗೆದು ನೋಡಿದಾಗ ಆ ಮುಖಗಳು ಮತ್ತೆ ಎದ್ದು ಬಂದವು.

ಅಡಗಿಸಲು ಮೂರನೇ ಕಾರಣ ಕಳ್ಳರ ಭಯ. ಆಪಲ್‌ನ ಹಿಂದಿನ ಕಂಪ್ಯೂಟರ್ ಆಪಲ್ 2ರ ರೋಮನ್ನು ಫ್ರಾಂಕ್ಲಿನ್ ಎಂಬ ಕಂಪನಿ ಹಾಗೇ ನಕಲು ಮಾಡಿತ್ತು, ಆಪಲ್ ಕೋರ್ಟು ಮೆಟ್ಟಿಲು ಹತ್ತಬೇಕಾಯಿತು. ಆ ಪಾಠದಿಂದ ಮೊದಲ ಮ್ಯಾಕಿನ ರೋಮ್‌ನಲ್ಲಿ 'ಆಪಲ್‌ನಿಂದ ಕದ್ದದ್ದು' ಎಂಬ ಚಿತ್ರವನ್ನು ಹುದುಗಿಸಿಟ್ಟರು. ಯಾರಾದರೂ ನಕಲು ಮಾಡಿದರೆ ಜಡ್ಜ್ ಎದುರೇ ಕೀ ಒತ್ತಿ ತೋರಿಸೋಣ ಎಂದು. ಎಮ್ಮೆಗೆ ಬರೆ ಹಾಕಿ ಗುರುತು ಮಾಡಿದ ಹಾಗೆ.

ಕಾಮಡೋರ್ 128, ಅದು 1985ರ ಮಿಷನ್ನು, ಹಿಂಬಾಗಿಲು, ಗೀಚಿದ ಹೆಸರು ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿತ್ತು. ಕಂಪನಿಯ ಗುರುತಿನ ಕೀ ಹಿಡಿದು ಆನ್ ಮಾಡಿದರೆ ಹಳೇ ಕಾಮಡೋರ್ 64 ಆಗಿ ಏಳುತ್ತಿತ್ತು. ಅದು ಕೆಲಸದ್ದು. 'ಸಿಸ್ 32800,123,45,6' ಎಂದು ಬರೆದರೆ ತಯಾರಿಸಿದವರ ಹೆಸರುಗಳು, ಕೆಳಗೆ 'ಲಿಂಕ್ ಆರ್ಮ್ಸ್, ಡೋಂಟ್ ಮೇಕ್ ದೆಮ್' ಎಂಬ ಸಾಲು. ಇಂಗ್ಲಿಷಿನಲ್ಲಿ ಆರ್ಮ್ಸ್ ಅಂದರೆ ತೋಳೂ ಹೌದು, ಆಯುಧವೂ ಹೌದು. ತೋಳಿಗೆ ತೋಳು ಸೇರಿಸಿ, ಆಯುಧ ಮಾಡಬೇಡಿ ಎಂದರ್ಥ. ಬಿಬಿಸಿ ಮೈಕ್ರೋ ಎಂಬ ಬ್ರಿಟಿಷ್ ಕಂಪ್ಯೂಟರು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 1984ರ ಹೊತ್ತಿಗೆ ನಮ್ಮ ಸರಕಾರ 'ಕ್ಲಾಸ್' ಯೋಜನೆಯಲ್ಲಿ ಶಾಲೆಗಳಿಗೆ ಕೊಟ್ಟದ್ದು ಅದನ್ನೇ. ಅದರಲ್ಲಿ ಶಿಫ್ಟ್ ಹಿಡಿದು ಬ್ರೇಕ್ ಒತ್ತಿದರೆ ಡಿಸ್ಕಿನಲ್ಲಿರುವ ಪ್ರೋಗ್ರಾಂ ತಾನಾಗಿ ಓಡುತ್ತಿತ್ತು. ಮೇಷ್ಟರು ಹೇಳಿಕೊಡದಿದ್ದರೂ ಹುಡುಗರು ಎರಡನೇ ದಿನವೇ ಕಲಿತುಬಿಡುತ್ತಿದ್ದರು.

ನಮ್ಮ ಕಡೆ ಮ್ಯಾಕ್ ಎಷ್ಟಿದ್ದವು ಹೇಳಿ? ಪ್ರೆಸ್ಸು, ಜಾಹೀರಾತು ಏಜೆನ್ಸಿ ಬಿಟ್ಟರೆ ಇಲ್ಲ. ಮುಂಬೈಯ ಅಂಗಡಿ, ಆಫೀಸು, ಹೋಟೆಲು ಎಲ್ಲ ಪಿಸಿ ಮೇಲೆ ನಡೆದದ್ದು. ಆದ್ದರಿಂದ ಪಿಸಿಯ ಹಿಂಬಾಗಿಲ ಕಥೆಯನ್ನೂ ಹೇಳುತ್ತೇನೆ.

ಪ್ರಶ್ನೆ ಚಿಹ್ನೆಯ ಬದಲು ಹಳೇ ಪಿಸಿಯಲ್ಲಿ ಬರುತ್ತಿದ್ದದ್ದು 'ನೋ ರೋಮ್ ಬೇಸಿಕ್, ಸಿಸ್ಟಂ ಹಾಲ್ಟೆಡ್' ಎಂಬ ಸಾಲು. ನಾನು 1989ರಲ್ಲಿ ಲ್ಯಾಮಿಂಗ್ಟನ್ ರೋಡಿಗೆ ಕೆಲಸ ಕಲಿಯಲು ಬಂದಾಗ ಈ ಸಾಲು ಕಂಡರೆ ರೋಮ್ ಚಿಪ್ಪು ಹೋಯಿತು ಎಂದು ಗಿರಾಕಿಗೆ ಹೇಳಿ ಬೋರ್ಡು ಬದಲಿಸಿ ದುಡ್ಡು ಮಾಡಿದವರಿದ್ದರು. ನಿಜ ಸಂಗತಿ ಬೇರೆ. 1981ರ ಆಗಸ್ಟಿನಲ್ಲಿ ಬಂದ ಮೊದಲ ಐಬಿಎಂ ಪಿಸಿಯ ಅತಿ ಅಗ್ಗದ ಮಾದರಿಗೆ 1565 ಡಾಲರ್. 16 ಕೆಬಿ ಮೆಮೊರಿ, ಫ್ಲಾಪಿ ಡ್ರೈವೂ ಇಲ್ಲ. ಫೈಲು ಉಳಿಸಬೇಕೆಂದರೆ ಹಾಡು ಕೇಳುವ ಟೇಪ್ ರೆಕಾರ್ಡರ್ ಜೋಡಿಸಬೇಕಿತ್ತು. ಡಿಸ್ಕೇ ಇಲ್ಲದ ಮಿಷನ್ನು ಆನ್ ಆದರೆ ಏನು ಮಾಡಬೇಕು? ಅದಕ್ಕೇ ರೋಮ್‌ನಲ್ಲಿ ಪ್ರೋಗ್ರಾಂ ಬರೆಯುವ 32 ಕೆಬಿಯ ಬೇಸಿಕ್ ಭಾಷೆ ತುಂಬಿದರು. ಫ್ಲಾಪಿ ಹುಡುಕು, ಹಾರ್ಡ್ ಡಿಸ್ಕ್ ಬಂದ ಮೇಲೆ ಅದನ್ನೂ ಹುಡುಕು, ಏನೂ ಸಿಗದಿದ್ದರೆ ಬೇಸಿಕ್‌ಗೆ ಹೋಗು ಎಂಬ ವ್ಯವಸ್ಥೆ. ನಮ್ಮಲ್ಲಿ ಬಂದ ಪಿಸಿಗಳು ಜಾಸ್ತಿ ನಕಲು ಮಾದರಿಗಳು. ಅವುಗಳಿಗೆ ಆ ಬೇಸಿಕ್ ತುಂಬುವ ಹಕ್ಕು ಇರಲಿಲ್ಲ. ಕೊನೇ ಬಾಗಿಲು ತೆರೆದರೆ ಆಚೆ ಕೋಣೆಯೇ ಇಲ್ಲ! ಅದನ್ನೇ ಆ ಸಾಲು ಹೇಳುತ್ತಿದ್ದದ್ದು. ಹೆಚ್ಚಿನ ಸಲ ಕಾರಣ ಇಷ್ಟೇ: ಡಿಸ್ಕ್ ಭಾಗ ಮಾಡುವ ಪ್ರೋಗ್ರಾಂ ಎಫ್‌ಡಿಸ್ಕ್‌ನಲ್ಲಿ ಪಾರ್ಟಿಷನ್ನನ್ನು, ಅಂದರೆ ಡಿಸ್ಕಿನ ಭಾಗವನ್ನು, ಶುರುವಾಗುವ ಜಾಗ ಎಂದು ಆ್ಯಕ್ಟಿವ್ ಮಾಡಲು ಯಾರೋ ಮರೆತಿರುತ್ತಿದ್ದರು. ಎರಡು ನಿಮಿಷದ ಕೆಲಸ.

ಇನ್ನು ವಿಂಡೋಸ್ 95. ಇದನ್ನು ನೆನೆದರೆ ನನಗೆ ಈಗಲೂ ಖುಷಿ. ಅದರ ಆರಂಭದ ಮೋಡದ ಚಿತ್ರ, 'ಕಾಯಿರಿ' ಎನ್ನುವ ಚಿತ್ರ, 'ಈಗ ಆಫ್ ಮಾಡಬಹುದು' ಎನ್ನುವ ಚಿತ್ರ, ಮೂರೂ ಸುಮ್ನೆ ಪೇಂಟ್ ಪ್ರೋಗ್ರಾಂನಲ್ಲಿ ತೆರೆಯುವಂಥ ಬಿಎಂಪಿ ಚಿತ್ರಗಳು. ಹೆಸರಿನ ಕೊನೆಯಲ್ಲಿ ಬಿಎಂಪಿ ಬದಲು ಸಿಸ್ ಎಂದು ಇಟ್ಟು ಗಂಭೀರ ಮುಖ ಮಾಡಿಸಿದ್ದರು. ಆಗ ವಿಂಡೋಸ್‌ನಲ್ಲಿ ಕನ್ನಡ ಎಲ್ಲಿತ್ತು? ಅದು ಬಂದದ್ದು ಎಕ್ಸ್‌ಪಿ ಕಾಲಕ್ಕೆ, 2001ರಲ್ಲಿ. ಆದರೆ ಚಿತ್ರಕ್ಕೆ ಯಾವ ಭಾಷೆಯಾದರೇನು?

ನಮ್ಮ ಅಂಗಡಿಯಲ್ಲಿ ಬಿಜಾಪುರದ ಕಡೆಯ ಹುಡುಗನೊಬ್ಬ ಇದ್ದ, ಗೋಡೆ ಬರಹದ ಮನೆತನದವನು. ಪೇಂಟ್ ತೆರೆದು ಮೌಸಿನಲ್ಲೇ 'ಇನ್ನು ಸ್ವಿಚ್ ಬಂದ್ ಮಾಡ್ರಿ' ಎಂದು ಕಿತ್ತಳೆ ಬಣ್ಣದಲ್ಲಿ ಬರೆದ. ಹಾಕಿ ನೋಡಿದರೆ ಅಕ್ಷರಗಳೆಲ್ಲ ಉಬ್ಬಿಕೊಂಡು ಇಡ್ಲಿ ಥರ ಕಾಣುತ್ತಿವೆ. ಆ ಚಿತ್ರದ ಅಳತೆ 320ಕ್ಕೆ 400, ಬಣ್ಣ 256. ಪರದೆಗೆ ಬಂದಾಗ ಅದು ಅಡ್ಡಡ್ಡ ಹಿಗ್ಗುತ್ತದೆ. ಮಾರನೇ ದಿನ ಅವನು ಅಕ್ಷರಗಳನ್ನು ಬೇಕೆಂದೇ ತೆಳ್ಳಗೆ, ಎತ್ತರಕ್ಕೆ ಬರೆದ. ಪರದೆಯ ಮೇಲೆ ದುಂಡಗೆ ಬಂತು ನೋಡಿ, ಅಚ್ಚಿನ ಅಕ್ಷರದ ಹಾಗೆ. ಆ ವರ್ಷ ನಾವು ನಮ್ಮವರ ಹತ್ತಾರು ಹೋಟೆಲಿನ ಕೌಂಟರ್ ಕಂಪ್ಯೂಟರಿಗೆ ಅದನ್ನು ಹಾಕಿಕೊಟ್ಟೆವು, ಪುಕ್ಕಟೆ. ರಾತ್ರಿ ಹನ್ನೊಂದಕ್ಕೆ ಗಲ್ಲಾ ಮುಚ್ಚುವಾಗ ಕಂಪ್ಯೂಟರು ಕನ್ನಡದಲ್ಲಿ ಸ್ವಿಚ್ ಬಂದ್ ಮಾಡ್ರಿ ಎನ್ನುತ್ತಿತ್ತು. ಮಂಗಳೂರು ಕಡೆಯ ಸಾಹುಕಾರರೊಬ್ಬರು 'ಮಾಡ್ರಿ' ಬೇಡ, 'ಮಾಡಿ' ಎಂದು ತಿದ್ದಿಸಿಕೊಂಡು ಹೋದರು.

ನಿಮ್ಮ ಬಳಿ ವಿಂಡೋಸ್ 95 ಮಿಷನ್ನೂ ಇದ್ದರೆ, ಶುರುವಾಗುವಾಗ 'ಸ್ಟಾರ್ಟಿಂಗ್' ಎಂಬ ಸಾಲು ಕಂಡ ಕೂಡಲೇ ಎಫ್8 ಒತ್ತಿ, ಮೆನು ಬರುತ್ತದೆ. ಎಸ್ಕೇಪ್ ಒತ್ತಿದರೆ ಮೋಡದ ಚಿತ್ರ ಸರಿದು ಹಿಂದೆ ಏನು ನಡೆಯುತ್ತಿದೆ ಎಂದು ಕಾಣುತ್ತದೆ. ರಿಪೇರಿಯವರಿಗೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತಿತ್ತು. ಪಿಸಿ ಆನ್ ಆದಾಗ ಮೊದಲು ಏಳುವ ಪ್ರೋಗ್ರಾಂ ಬಯಾಸ್. ಅದರ ಪಾಸ್‌ವರ್ಡ್ ಮರೆತವರಿಗೆ ಅವಾರ್ಡ್ ಕಂಪನಿಯ ಬಯಾಸ್‌ನಲ್ಲಿ 'ಅವಾರ್ಡ್ ಅಂಡರ್‌ಸ್ಕೋರ್ ಎಸ್‌ಡಬ್ಲ್ಯು' ಎಂಬ ಕಳ್ಳ ಕೀಲಿಯೇ ಇತ್ತು. ಈ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಗಿಲು ಹಿಂದಿನದಾದರೂ ಬೀಗ ಹಾಕದೆ ಬಿಡುವುದು ತಪ್ಪು.

ಹಿಂಬಾಗಿಲಲ್ಲಿ ಜಾರಿ ಬಿದ್ದದ್ದನ್ನೂ ಹೇಳಬೇಕಲ್ಲ. ಹಳೇ ಹಾರ್ಡ್ ಡಿಸ್ಕ್ ಕಾರ್ಡುಗಳ ರೋಮ್‌ನಲ್ಲಿ ಡಿಸ್ಕನ್ನು ಬುಡಮಟ್ಟ ಫಾರ್ಮ್ಯಾಟ್ ಮಾಡುವ ಪ್ರೋಗ್ರಾಂ ಅಡಗಿರುತ್ತಿತ್ತು. ಆಗಿನ ಪಿಸಿ ನಡೆಸುತ್ತಿದ್ದ ಡಾಸ್‌ನ ಡಿಬಗ್‌ಗೆ ಹೋಗಿ 'ಜಿ=ಸಿ800:5' ಎಂದರೆ ಅದು ಏಳುತ್ತಿತ್ತು. ಲ್ಯಾಮಿಂಗ್ಟನ್ ರೋಡಿನಲ್ಲಿ ಈ ಸಾಲು ನಮಗೆಲ್ಲ ಬಾಯಿಪಾಠ. 1991ರಲ್ಲಿ ಸಯನ್ ಕಡೆಯ ಒಂದು ಹೋಟೆಲಿನವರು ಎರಡನೇ ಡಿಸ್ಕ್ ಹಾಕಿಸಲು ಮಿಷನ್ ತಂದರು. ಹಳೇದು 20 ಎಂಬಿಯ ಸೀಗೇಟ್ ಎಸ್‌ಟಿ-225, ಮೂರು ವರ್ಷದ ಲೆಕ್ಕ ಅದರಲ್ಲಿ. ಹೊಸದನ್ನು ಜೋಡಿಸಿ ಸಾಲು ಬರೆದೆ. ಯಾವ ಡ್ರೈವು ಎಂದು ಅದು ಕೇಳಿತು. ನಾನು ಯೋಚಿಸದೆ ಎಂಟರ್ ಒತ್ತಿದೆ. ತಾನಾಗಿ ಹಿಡಿದದ್ದು ಸಿ, ಅಂದರೆ ಹಳೇದು. ಆಮೇಲೆ ವೈ ಒತ್ತಿದ್ದೂ ನಾನೇ. ಟಕ್, ಟಕ್, ಟಕ್ ಎಂದು ಒಂದೊಂದೇ ಟ್ರ್ಯಾಕ್ ಅಳಿಸುವ ಸದ್ದು ತಪ್ಪು ಡಬ್ಬಿಯಿಂದ ಬರುತ್ತಿದೆ ಎಂದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಸಾಹುಕಾರರ ಕಾಲು ಹಿಡಿಯುವುದೊಂದು ಬಾಕಿ. ಅವರು ಚಹಾ ಕುಡಿದು, "ತಮ್ಮಾ, ಖಾತೆ ಪುಸ್ತಕ ಬಿಟ್ಟು ಕಂಪ್ಯೂಟರ್ ನಂಬುವಷ್ಟು ಹುಚ್ಚ ನಾನಲ್ಲ. ನೀನೇ ಕೂತು ಮತ್ತೆ ಟೈಪ್ ಮಾಡು" ಎಂದರು. ಇಪ್ಪತ್ತೆರಡು ದಿನ, ದಿನಾ ಸಂಜೆ ಅವರ ಅಡುಗೆಮನೆಯ ಪಕ್ಕ ಕೂತು ಟೈಪ್ ಮಾಡಿದೆ. ಊಟ ಮಾತ್ರ ಚೆನ್ನಾಗಿ ಹಾಕಿದರು.

ಈಗ ನಿಮ್ಮ ಮಿಷನ್ನಿಗೆ ವಾಪಸ್ ಬರೋಣ. ನಾಲ್ಕು ಕೀಗಳಿಂದ ಎದ್ದ ಮೇಲೆ ಡೆಸ್ಕ್‌ಟಾಪಿನಲ್ಲಿ 'ಬೂಟ್ ಡಿಸ್ಕ್' ಕೆಳಗೆ ಇನ್ನೊಂದು ಡಿಸ್ಕಿನ ಚಿತ್ರ ಕಂಡರೆ ಅದು ನಿಮ್ಮ ತಂದೆಯವರ ಹಾರ್ಡ್ ಡಿಸ್ಕ್. ಅದರ ಸಿಸ್ಟಂ ಫೋಲ್ಡರ್ ಮಾತ್ರ ಕೆಟ್ಟಿದ್ದು, ಫೈಲುಗಳು ಹಾಗೇ ಇರುವ ಸಾಧ್ಯತೆ ಚೆನ್ನಾಗಿದೆ. ಪ್ರಶ್ನೆ ಚಿಹ್ನೆ ಬಂದಾಕ್ಷಣ ಡಿಸ್ಕ್ ಸತ್ತಿದೆ ಎಂದೇನಲ್ಲ. ಕಾಣದಿದ್ದರೆ ಆನ್ ಮಾಡುವಾಗ ಕಿವಿಗೊಟ್ಟು ಕೇಳಿ. ಏರುವ ಗುಂಯ್ ಸದ್ದೇ ಇಲ್ಲದಿದ್ದರೆ ಡಿಸ್ಕ್ ಒಳಗೆ ಅಂಟಿಕೊಂಡಿದೆ. ತಟ್ಟಬೇಡಿ, ಕುಲುಕಬೇಡಿ, ತಿಳಿದವರಿಗೆ ಕೊಡಿ.

ಕಂಡರೆ ಫೈಲುಗಳನ್ನು ಆತುರದಲ್ಲಿ ತೆರೆಯಬೇಡಿ, ಮೊದಲು ಇಡೀ ಡಿಸ್ಕಿನ ಇಮೇಜ್, ಅಂದರೆ ಇದ್ದ ಹಾಗೇ ಪೂರ್ತಿ ನಕಲು, ಮಾಡಿಸಿ. ಡಿಸ್ಕ್ ಬಿಚ್ಚಿ ಸ್ಕಸಿ ಕಾರ್ಡ್ (ಇಂಥ ಹಳೇ ಡಿಸ್ಕ್ ಜೋಡಿಸುವ ಕಾರ್ಡು) ಇರುವ ಲಿನಕ್ಸ್ ಪಿಸಿಗೆ ಹಾಕಿದರೆ ಒಂದು ಗಂಟೆಯ ಕೆಲಸವೂ ಅಲ್ಲ. ಒಂದೊಂದೇ ಫೈಲನ್ನು ಪಿಸಿಗೆ ಎಳೆದುಕೊಳ್ಳಬೇಡಿ ಎನ್ನುವುದಕ್ಕೆ ಕಾರಣವಿದೆ. ಆಗಿನ ಮ್ಯಾಕ್ ಫೈಲಿಗೆ ಎರಡು ಭಾಗ, ಪಿಸಿಗೆ ಬಂದರೆ ಎರಡನೇ ಭಾಗ ಉದುರಿಹೋಗುತ್ತದೆ. ಫಾಂಟುಗಳು ಇರುವುದು ಅದೇ ಭಾಗದಲ್ಲಿ. ತಂದೆಯವರು ಸ್ಮರಣ ಸಂಚಿಕೆಯನ್ನು ಕನ್ನಡದಲ್ಲಿ ಮಾಡಿದ್ದರೆ ಅದು ಈಗ ಎಲ್ಲ ಕಡೆ ಬಳಸುವ ಯೂನಿಕೋಡ್‌ಗಿಂತ ಹಿಂದಿನ ಕನ್ನಡ. ಆ ಫಾಂಟ್ ಇಲ್ಲದೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಗಜಿಬಿಜಿ ಕಾಣುತ್ತದೆ. ಇಮೇಜ್ ಕೈಗೆ ಬಂದ ಮೇಲೆ ಮಿನಿ ವಿಮ್ಯಾಕ್ ಎಂಬ ಪುಕ್ಕಟೆ ಎಮ್ಯುಲೇಟರಿನಲ್ಲಿ, ಅಂದರೆ ಈಗಿನ ಕಂಪ್ಯೂಟರಿನೊಳಗೆ ಹಳೇ ಮ್ಯಾಕಿನ ಹಾಗೆ ನಡೆಯುವ ಪ್ರೋಗ್ರಾಂನಲ್ಲಿ, ತೆರೆಯಬಹುದು. ಸಿಸ್ಟಂ ಫೋಲ್ಡರಿನಿಂದ ಆ ಫಾಂಟುಗಳನ್ನು ತೆಗೆದು ಅದರಲ್ಲಿ ಹಾಕಿಕೊಂಡರೆ, ಪರೇಲಿನ ಪ್ರೆಸ್ಸಿನಲ್ಲಿ ಅವರು ಜೋಡಿಸಿದ ಪುಟ ಅವರು ಜೋಡಿಸಿದ ಹಾಗೇ ತೆರೆಯುತ್ತದೆ.